ಪುಡಿ ಹಾಕದ ಸಾರು

ಇದು ನಡೆದದ್ದೇ, ನಂಬಿಕೆ ಬರದಿದ್ದರೆ ನನ್ನ ನಾಲಿಗೆಯನ್ನೇ ಕೇಳಿ. ತರಕಾರಿ ಎಂಬುದನ್ನು ನಮ್ಮ ತಾತನ ಕಾಲದವರೂ ಕಂಡಿರಲಿಲ್ಲ. ಸಾರೆಂದರೆ ಬಿಸಿನೀರಿಗೆ ರುಚಿಗೆಂದು ಗ್ಲುಟಮೇಟ್ ಪುಡಿ ಒಂದು ಚಿಟಿಕೆ, ಸಿಹಿಗೆ ಗ್ಲೈಸಿನ್ ಅರ್ಧ ಚಿಟಿಕೆ. ಆ ಚಿಟಿಕೆ ಹಾಕುವುದಕ್ಕೂ ಲೈಸೆನ್ಸ್ ಬೇಕು. ಅದರ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದ ನನಗೆ ಇದೇ ಕೊನೆಯ ಅವಕಾಶ.

ಪರೀಕ್ಷಕಿ ಸೌಂದರಮ್ಮ ಮೇಡಂ ಬಾಯಿ ಮುಕ್ಕಳಿಸಿ, ಕಣ್ಣು ಮುಚ್ಚಿ, ನಾಲಿಗೆ ಲೊಚಗುಟ್ಟಿ ತೀರ್ಪು ಕೊಡುವವರು. ಆ ಲೊಚಲೊಚವನ್ನು ಹಾಸ್ಟೆಲಿನಲ್ಲಿ ಮಾಡಿ ತೋರಿಸಿ ನಾನು ಹೆಸರು ಗಳಿಸಿದ್ದೆ. ಅಂದು ಅವರು ನನ್ನ ಸಾರು ಒಂದು ಗುಟುಕು ಕುಡಿದರು. ಲೊಚಗುಟ್ಟಲಿಲ್ಲ. ಮತ್ತೆ ಕುಡಿದರು.

"ತಿಪ್ಪೇಶ, ಪುಡಿ ಎಷ್ಟು ಹಾಕಿದೆಯಪ್ಪ?"

"ಹಾಕೇ ಇಲ್ಲ ಮೇಡಂ."

"ನನ್ನ ನಾಲಿಗೆ ಹತ್ರಾನೇ ಆಟ ಆಡ್ತೀಯೇನೋ?"

ಜೇಬಿನಿಂದ ಟೊಮೇಟೊ ತೆಗೆದು ಮೇಜಿನ ಮೇಲಿಟ್ಟೆ. ಅಜ್ಜಿಯ ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಬೀಜದಿಂದ ಟೆರೇಸಿನ ಮೇಲೆ ಬೆಳೆಸಿದ್ದು. "ಇದನ್ನ ಕಿವುಚಿ ಕುದಿಸಿದೆ, ಅಷ್ಟೇ."

ಮೇಡಂ ಅದನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿ ಮೂಸಿದರು. "ಇದರೊಳಗೆ ಪುಡಿ ತುಂಬಿದ್ದು ಯಾರು?"

"ಯಾರೂ ಇಲ್ಲ. ಬಿಸಿಲಲ್ಲಿ ನಿಂತು ತಾನೇ ಮಾಡ್ಕೊಂಡಿದೆ."

ಅವರ ಕಣ್ಣು ತುಂಬಿತು. ಟೊಮೇಟೊವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಕೊನೆಗೆ, "ಪಾಸು" ಅಂದರು. ನಾನು ಕೈಮುಗಿದೆ.

"ನೀನಲ್ಲಪ್ಪ, ಗಿಡ ಪಾಸು. ಲೈಸೆನ್ಸ್ ಅದರ ಹೆಸರಿಗೇ ಬರೀತೀನಿ. ನೀರು ಹಾಕೋ ಕೆಲಸ ನಿಂದು."

ಹಾಗೆಂದು ಲೊಚಗುಟ್ಟಿ, ಗೋಡೆ ಅದುರುವಂತೆ ನಕ್ಕರು. ನಾನೂ ನಕ್ಕೆ, ಆದರೆ ಅವರ ನಗುವಿನ ಮುಂದೆ ನನ್ನದು ಕೇಳಿಸಲೇ ಇಲ್ಲ.