ಪ್ಯಾಕಿಗೊಂದು ಅಂಗಿ

ಅಪ್ಪ ಸಿಗರೇಟು ಪ್ಯಾಕನ್ನು ಹೊಸ ರಟ್ಟಿನ ಕವಚದೊಳಗೆ ಮೆಲ್ಲಗೆ ತೂರಿಸಿದರು. ಹುಣ್ಣಾದ ಗಂಟಲಿನ ಚಿತ್ರ ಮರೆಯಾಗಿ, ಕವಚದ ಮೇಲಿನ ನೀಲಿ ಹಕ್ಕಿಯಷ್ಟೇ ಉಳಿಯಿತು. ಅವರ ಮುಖ ಅರಳಿದ್ದನ್ನು ಮಗಳು ನೋಡುತ್ತಿದ್ದಳು.

ಕವಚ ಅವಳದೇ ವಿನ್ಯಾಸ. ಪ್ಯಾಕಿನ ಮೇಲೆ ಕ್ಯಾನ್ಸರಿನ ಚಿತ್ರ ಇರಲೇಬೇಕೆಂದು ಸರ್ಕಾರ ಆಜ್ಞೆ ಹೊರಡಿಸಿದಾಗ ಅವಳು ಕೆಲಸ ಮಾಡುವ ಸಿಗರೇಟು ಕಂಪನಿಯ ಮ್ಯಾನೇಜರು ನಕ್ಕಿದ್ದರು: "ಚಿತ್ರ ಹಾಕಿ ಅಂದಿದ್ದಾರೆ, ಹಾಕೋಣ. ಅದಕ್ಕೊಂದು ಅಂಗಿ ತೊಡಿಸಬೇಡಿ ಅಂದಿಲ್ಲವಲ್ಲ!" ಯಾವುದೇ ಮಾದರಿಯನ್ನು ಅಚ್ಚಿಗೆ ಕಳಿಸುವ ಮುನ್ನ ಬಳಸುವವರ ಕೈಗೆ ಕೊಟ್ಟು ನೋಡುವುದು ಅವಳ ರೂಢಿ. ಮನೆಯಲ್ಲೇ ಅಂಥದ್ದೊಂದು ಕೈ ಇತ್ತಲ್ಲ, ಹೆಚ್ಚು ಯೋಚಿಸದೆ ತಂದುಕೊಟ್ಟಿದ್ದಳು.

"ಭೇಷ್ ಕಣೇ," ಎಂದರು ಅಪ್ಪ. "ಆ ದರಿದ್ರ ಗಂಟಲು ಕಂಡಾಗಲೆಲ್ಲ ಸೇದೋ ಮನಸ್ಸೇ ಹೋಗ್ತಿತ್ತು. ಅದಕ್ಕೇ ಬೀರು ಮೇಲೆ ಎತ್ತಿಟ್ಟಿದ್ದೆ. ಇನ್ನು ಆರಾಮಾಗಿ ಜೇಬಲ್ಲೇ ಇಟ್ಕೋಬಹುದು."

ಅಮ್ಮನ ಕಣ್ಣು ತಪ್ಪಿಸಲು ಅಲ್ಲಿಡುತ್ತಾರೆ ಎಂದುಕೊಂಡಿದ್ದಳು ಅವಳು. ಈಚೆಗೆ ಮನೆಯಲ್ಲಿ ಅವರ ಕೆಮ್ಮು ಅಷ್ಟಾಗಿ ಕೇಳಿಸುತ್ತಿಲ್ಲವೆಂಬುದು ಆಗ ಹೊಳೆಯಿತು. ಅವಳು ಕೈ ಚಾಚಿದಳು.

"ಇಲ್ಲಿ ಕೊಡಪ್ಪ. ಅದು ಸಡಿಲ ಆಗಿದೆ."

"ಎಲ್ಲೇ ಸಡಿಲ? ಅಳತೆ ಕೊಟ್ಟು ಹೊಲಿಸಿದ ಹಾಗಿದೆ!"

ಅವಳು ಪ್ಯಾಕನ್ನು ಹೊರಗೆಳೆದು, ಚಿತ್ರ ಕಾಣುವಂತೆ ಮೇಜಿನ ಮೇಲಿಟ್ಟಳು. ಕವಚವನ್ನು ಮುಷ್ಟಿಯಲ್ಲಿ ಹಿಸುಕಿದಳು.

"ಅಯ್ಯೋ! ನಾಳೆ ಆಫೀಸಲ್ಲಿ ಏನು ಹೇಳ್ತೀಯ?"

"ಕೈಗೆ ಹೊಂದಲಿಲ್ಲ ಅಂತೀನಿ."

ಅಪ್ಪ ಮೇಜಿನತ್ತ ನೋಡಿ ಮುಖ ಕಿವುಚಿದರು. ಪ್ಯಾಕನ್ನು ಎರಡೇ ಬೆರಳಲ್ಲಿ ಎತ್ತಿಕೊಂಡು, ಗೊಣಗುತ್ತಲೇ ಬೀರುವಿನತ್ತ ನಡೆದರು.