ಇನ್ನೊಂದು ಕೂಸೆಲ್ಲಿ?

“ನನ್ನ ಮಗಳು ಹೆತ್ತದ್ದು ಎರಡು. ಇನ್ನೊಂದೆಲ್ಲಿ?”

ಹೆರಿಗೆ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಅಜ್ಜಿಯೊಬ್ಬಳು ಚೀಟಿ ಹಿಡಿದು ನಿಂತಿದ್ದಳು. ಬಾಣಂತಿಯನ್ನು ಮನೆಗೆ ಕಳಿಸುವ ಚೀಟಿ. ಅದರಲ್ಲಿ ಇದ್ದದ್ದು ಒಂದೇ ಹೆಣ್ಣುಮಗು. ಕೌಂಟರಿನವರು, ಒಳಗೆ ಹೋಗಿ ಅವರನ್ನೇ ಕೇಳಿ ಎಂದು ಇತ್ತ ಸಾಗಹಾಕಿದ್ದರು.

ಒಳಗಿದ್ದ ಟೆಕ್ನಿಷಿಯನ್ನನ್ನು ಎಲ್ಲರೂ ಚುರುಕಪ್ಪ ಎನ್ನುತ್ತಿದ್ದರು. ಎಸಿ ಕೆಟ್ಟು ಕೋಣೆ ಕಾದ ಹಂಚಿನಂತಾಗಿದ್ದರಿಂದ, ಬೆಳಗ್ಗೆ ಆಸ್ಪತ್ರೆಯ ದಾಖಲೆಗಳ ಒಂದೊಂದು ಪ್ರತಿ ಇಟ್ಟುಕೊಳ್ಳುವ ಮೂರು ಡೇಟಾಬೇಸ್ ಸರ್ವರ್‌ಗಳನ್ನೂ ಒಂದಾದ ಮೇಲೊಂದು ನಿಲ್ಲಿಸಿದ್ದ. ಎಸಿ ಸರಿಹೋದದ್ದೇ ತಡ, ಬಾಗಿಲ ಬಳಿಯದನ್ನು ಶುರುಮಾಡಿದ್ದ. ಉಳಿದೆರಡನ್ನು ಒಟ್ಟಿಗೇ ಎಬ್ಬಿಸಿ ಅದಕ್ಕೆ ಸೇರಿಸಲು ಈಗ ಬೆರಳು ಕೀಲಿಮಣೆಯ ಮೇಲಿತ್ತು.

“ಕೂಸು ಎಲ್ಲಿಗೆ ಹೋಗುತ್ತಜ್ಜಿ? ಕನ್ನಡಕ ಹಾಕ್ಕೊಂಡು ನೋಡಿ.”

“ಕನ್ನಡಕ ನನ್ನ ಮೂಗಿನ ಮೇಲೇ ಇದೆ ಮಾರಾಯ. ನಿನಗೆ ಬೇಕಾ?”

ಮೂಲೆಯಲ್ಲಿ ಕೂತಿದ್ದ ಅವನ ಮೇಲಧಿಕಾರಿ ದೊಡ್ಡ ಮೇಡಂ ಚೀಟಿ ಇಸಿದುಕೊಂಡು ನೋಡಿದವರೇ, “ಕೈ ತೆಗಿ!” ಎಂದು ಕೂಗಿದರು. ಚುರುಕಪ್ಪ ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಎಳೆದುಕೊಂಡ.

“ಕೊನೆಗೆ ನಿಲ್ಲಿಸಿದ್ದು ಇದನ್ನಾ?” ಮೇಡಂ ಬಾಗಿಲ ಬಳಿಯ ಸರ್ವರ್ ತೋರಿಸಿದರು.

“ಅಲ್ಲ ಮೇಡಂ, ಮೊದಲು. ಹತ್ರ ಇತ್ತಲ್ಲ.”

“ಇದು ನಿಂತ ಮೇಲೂ ಉಳಿದೆರಡರಲ್ಲಿ ಕೆಲಸ ನಡೀತಿತ್ತಲ್ಲೋ! ಆಮೇಲಿನ ಸುದ್ದಿ ಇದಕ್ಕೇನು ಗೊತ್ತು? ಮೊದಲು ಎದ್ದದ್ದೇ ಇಲ್ಲಿ ಯಜಮಾನ. ಆಮೇಲೆ ಎದ್ದವು ತಮ್ಮದನ್ನ ಒರೆಸಿ, ಇದು ಹೇಳಿದ್ದನ್ನೇ ಬರ್ಕೊಳ್ತವೆ.”

ಚುರುಕಪ್ಪನ ಮುಖ ಹುಳ್ಳಗಾಯಿತು. ಬೆಳಗ್ಗೆ ಮನೆಗೆ ಕಳಿಸುವ ಚೀಟಿಗೆಂದು ಅವಳಿಗಳಲ್ಲಿ ಒಂದರ ವಿವರ ಸೇರಿದ ಬೆನ್ನಿಗೇ ಈ ಸರ್ವರ್ ನಿಂತಿತ್ತು. ಇನ್ನೊಂದರದು ಸೇರಿದ್ದು ಆಮೇಲೆ. ಬೆರಳು ಒತ್ತಿದ್ದರೆ ಆ ಕೂಸೂ ಅದರ ಹಿಂದೆ ಬಂದ ದಾಖಲೆಗಳೂ ಹೇಳಹೆಸರಿಲ್ಲದೆ ಹೋಗುತ್ತಿದ್ದವು.

“ಅಂದ್ರೆ ನಮ್ಮ ಹುಡುಗೀನ ಒರೆಸಿಹಾಕೋಕೆ ಹೊರಟಿದ್ದೆ!” ಅಜ್ಜಿ ಸೊಂಟಕ್ಕೆ ಕೈಯಿಟ್ಟಳು.

“ಅಯ್ಯೋ, ನಿಮ್ಮ ಕಾಲಿಗೆ ಬೀಳ್ತೀನಜ್ಜಿ, ಒಂದು ಗಳಿಗೆ ಇರಿ!”

ಎದ್ದಿದ್ದನ್ನು ಮತ್ತೆ ಮಲಗಿಸಿದ. ಕೊನೆಗೆ ನಿಲ್ಲಿಸಿದ್ದು ಗೋಡೆ ಪಕ್ಕದ್ದು ಅಂದ. ಮೇಡಂ ಅವನ ಮಾತು ನಂಬದೆ ಪರದೆಯಲ್ಲಿ ತಾವೇ ನೋಡಿ ಹೂಂ ಎಂದರು. ಅದನ್ನು ಮೊದಲು ಶುರುಮಾಡಿ, ಮಿಕ್ಕವನ್ನು ಒಂದೊಂದಾಗಿ, ಮಗುವಿಗೆ ತುತ್ತು ತಿನ್ನಿಸುವಷ್ಟು ನಿಧಾನವಾಗಿ ಸೇರಿಸಿದ. ಅಷ್ಟು ನಿಧಾನ ಅವನನ್ನು ಯಾರೂ ಕಂಡಿರಲಿಲ್ಲ.

ಹೊಸ ಚೀಟಿ ಬಂತು. ಹೆಣ್ಣುಮಕ್ಕಳು ಇಬ್ಬರು. ಮೊದಲು ಹುಟ್ಟಿದವಳ ಗಳಿಗೆ ಬೇರೆ, ಎರಡನೆಯವಳ ಗಳಿಗೆ ಬೇರೆ, ಎಲ್ಲ ಸರಿಯಾಗಿತ್ತು. ಅಜ್ಜಿ ಓದಿ ಓದಿ ಹಿಗ್ಗಿದಳು. ಬಾಗಿಲು ದಾಟಿದವಳು ಮತ್ತೆ ಒಳಬಂದು, ಚುರುಕಪ್ಪನ ಕಿವಿಯ ಹತ್ತಿರ ದನಿ ತಗ್ಗಿಸಿದಳು.

“ತಮ್ಮಾ, ಮೈ ಒರೆಸುವಾಗ ಇಬ್ಬರ ಗುರುತಿನ ಕೈಪಟ್ಟಿನೂ ನಾನೇ ಬಿಚ್ಚಿಬಿಟ್ಟೆ. ಅಕ್ಕ ಯಾರು, ತಂಗಿ ಯಾರು ಅಂತ ನಿನ್ನ ಸರ್ವರನ್ನೇ ಒಂದು ಮಾತು ಕೇಳಿ ಹೇಳ್ತೀಯಾ?”