ಒಂಬತ್ತನೆಯ ದಿನದ ಚುಕ್ಕೆಗಳು

ಚಳಿಗಾಲದ ಬೆಳಗಿನ ಕೆಲಸ ಶುರುವಾಗಿತ್ತು. ಆಸ್ಪತ್ರೆಯ ಲ್ಯಾಬಿನ ಅಕ್ಕ ಗಾಜಿನ ಪೆಟ್ಟಿಗೆಯೊಳಗೆ ಕೈಚಾಚಿ, ರೋಗಾಣು ಬೆಳೆಯುತ್ತವೆಯೇ ಎಂದು ನೋಡಲು ಇಟ್ಟ ಒಂಬತ್ತು ದಿನ ಹಳೆಯ ತಟ್ಟೆಯನ್ನು ಬೆಳಕಿಗೆ ಹಿಡಿದಳು. ಸಾಸಿವೆಗಿಂತ ಸಣ್ಣ ಚುಕ್ಕೆಗಳು ಅಲ್ಲಲ್ಲಿ ಎದ್ದಿದ್ದವು.

ಅದರಲ್ಲಿ ಹಾಕಿದ್ದು ಆಡು ಸಾಕುವ ಅಜ್ಜಿಯೊಬ್ಬಳ ಮಂಡಿಯಿಂದ ತೆಗೆದ ನೀರು. ಎರಡು ವರ್ಷ ಚೆನ್ನಾಗಿದ್ದ ಕೃತಕ ಕೀಲಿನ ಸುತ್ತ ಈಗ ಊದಿಕೊಂಡಿತ್ತು. ಐದು ದಿನ ಏನೂ ಬೆಳೆಯದಿದ್ದರೆ ತಟ್ಟೆ ಎಸೆಯುವುದು ಅಲ್ಲಿಯ ರೂಢಿ. "ಸೋಂಕಿಲ್ಲ ಕಣಮ್ಮ, ಕೀಲು ಸಡಿಲವಾಗಿದೆ ಅಷ್ಟೇ. ಸೋಮವಾರ ಬಿಚ್ಚಿ ಹೊಸದು ಹಾಕ್ತೀನಿ. ಇನ್ನು ಏನಾದ್ರೂ ಬೆಳೆದ್ರೆ ಒಂದು ವಾರ ನಿಮ್ಮ ಟೀ ಲೋಟ ನಾನೇ ತೊಳೀತೀನಿ," ಎಂದು ಐದನೆಯ ದಿನ ಮೂಳೆ ಡಾಕ್ಟರು ಅಕ್ಕನಿಗೆ ಹೇಳಿ ನಕ್ಕಿದ್ದರು. ಆದರೆ ನೀರು ತೆಗೆಯುವಾಗ ಸೂಜಿಯ ನೋವು ಮರೆಯಲು ಅಜ್ಜಿ ಆಡಿದ ಮಾತು ಅಕ್ಕನ ಕಿವಿಯಲ್ಲೇ ಉಳಿದಿತ್ತು: "ಈ ಸಲ ಮೂರು ಆಡು ತಿಂಗಳು ತುಂಬದೆ ಕಂದು ಹಾಕಿದ್ವು ಮಗಳೇ. ನಾನೇ ಬರಿಗೈ ಹಾಕಿ ಮರಿಗಳನ್ನ ಎಳೆದೆ." ಅಕ್ಕನ ತವರಲ್ಲೂ ಆಡುಗಳಿದ್ದವು. ಹೀಗೆ ಕಂದು ಹಾಕಿಸುವ ರೋಗ ಮನುಷ್ಯರಿಗೂ ಹತ್ತುತ್ತದೆ, ಅದರ ರೋಗಾಣು ತಟ್ಟೆಯಲ್ಲಿ ನಿಧಾನವಾಗಿ ಬೆಳೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳು ತಟ್ಟೆ ಎಸೆಯಲಿಲ್ಲ.

"ಆಡಿನ ರೋಗ, ಸಾರ್. ರಕ್ತದ ಪರೀಕ್ಷೆಯೂ ಅದನ್ನೇ ಹೇಳ್ತಿದೆ. ಗೊತ್ತಾಗದೆ ಹೊಸ ಕೀಲು ಹಾಕಿದ್ರೆ ಅದಕ್ಕೂ ಹತ್ತಿಬಿಡ್ತಿತ್ತು."

ಡಾಕ್ಟರು ತಟ್ಟೆಯನ್ನು ನೋಡಿ ಸೋಮವಾರದ ಶಸ್ತ್ರಚಿಕಿತ್ಸೆ ನಿಲ್ಲಿಸಿದರು. ಮೊದಲು ಔಷಧಿ, ಆಮೇಲೆ ಮಿಕ್ಕಿದ್ದು.

ಸುದ್ದಿ ಕೇಳಿದ ಅಜ್ಜಿ, "ಅಯ್ಯೋ, ಹಾಲು ಕೊಡೋಕೆ ಮಾತ್ರ ಅವಕ್ಕೆ ಜಿಪುಣತನ!" ಎಂದು ನಕ್ಕುಬಿಟ್ಟಳು.

ಸಂಜೆ ಡಾಕ್ಟರು ಅಂಗಿಯ ತೋಳು ಮಡಚಿ ನಲ್ಲಿಯ ಮುಂದೆ ಟೀ ಲೋಟ ತೊಳೆಯುತ್ತ ನಿಂತಿದ್ದರು. ಅವರು ತೊಳೆದ ಲೋಟವೊಂದನ್ನು ಅಕ್ಕ ಬೆಳಕಿಗೆ ಹಿಡಿದು ನೋಡಿ ವಾಪಸ್ಸು ಕೊಟ್ಟಳು.

"ತಳ ಉಜ್ಜಿ, ಸಾರ್. ಇನ್ನೂ ಆರು ದಿನ ಬಾಕಿ ಇದೆ."